ಫ್ಯಾನ್ ಕ್ಲಚ್ ‘ಡೈರೆಕ್ಟ್’ ಮಾಡಿಸಬೇಡಿ: ನಮಗಾದದ್ದು ನಿಮಗಾಗದಿರಲಿ

ಇನೋವಾ, ಬೊಲೆರೊ, ಸುಮೋ ತರಹದ ಗಾಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಇಂಜಿನ್ ಹೀಟ್ ಆಗುತ್ತಿದೆ ಎಂದು ಗ್ಯಾರೇಜಿಗೆ ಹೋಗಿರುತ್ತೀರಿ. ಅಲ್ಲಿ ಯಾರಾದರೂ ‘ಫ್ಯಾನ್ ಡೈರೆಕ್ಟ್ ಮಾಡಿಕೊಡ್ತೀನಿ, 300 ರೂಪಾಯಿ ಸಾಕು’ ಎಂದರೆ ಒಪ್ಪಬೇಡಿ. ಡೈರೆಕ್ಟ್ ಅಂದರೆ ಫ್ಯಾನಿನ ನಡುವಿನ ಕ್ಲಚ್‌ಗೆ ಬೋಲ್ಟ್ ಹೊಡೆದು, ಫ್ಯಾನ್ ಯಾವಾಗಲೂ ಇಂಜಿನ್ ಜೊತೆಗೇ ತಿರುಗುವ ಹಾಗೆ ಮಾಡುವುದು. ನಾನು ಒಪ್ಪಿದೆ. ಎರಡೇ ತಿಂಗಳಲ್ಲಿ ಆ 300 ರೂಪಾಯಿ 68,000 ಆಯಿತು. ದುಡ್ಡಿನ ಮಾತು ಹಾಗಿರಲಿ. ಹೈವೇಯಲ್ಲಿ ಬಾನೆಟ್ ಕೆಳಗೆ ಫ್ಯಾನಿನ ರೆಕ್ಕೆ ಮುರಿದು ಹಾರಿದಾಗ ಗಾಡಿಯಲ್ಲಿ ಅಮ್ಮ ಇದ್ದರು, ಅಕ್ಕನ ಮಕ್ಕಳಿದ್ದರು.

ನಮ್ಮೂರು ಹಾಸನ. ಗಾಡಿ ಎಂಟು ಸೀಟಿನ ಹಳೆಯ ಡೀಸೆಲ್. ಯಾವ ಕಂಪನಿ ಎಂದು ಬರೆಯುವುದಿಲ್ಲ, ಏಕೆಂದರೆ ತಪ್ಪು ಕಂಪನಿಯದಲ್ಲ. ಹೋದ ವರ್ಷ ಏಪ್ರಿಲ್‌ನಲ್ಲಿ ಧರ್ಮಸ್ಥಳಕ್ಕೆ ಹೋಗಿದ್ದೆವು. ಮೂಡಿಗೆರೆಯಲ್ಲಿ ಅಕ್ಕನ ಮನೆ ಇರುವುದರಿಂದ ವಾಪಸ್ ಚಾರ್ಮಾಡಿ ಘಾಟಿಯ ಮೇಲೆ ಹೊರಟೆವು. ಏಳು ಜನ, ಬ್ಯಾಗುಗಳು, ಎಸಿ ಆನ್. ಉಜಿರೆ ದಾಟುವವರೆಗೂ ಟೆಂಪರೇಚರ್ ಮುಳ್ಳು ತನ್ನ ಜಾಗದಲ್ಲೇ ಇತ್ತು. ಘಾಟಿ ಶುರುವಾಗಿ ಮುಂದೆ ಒಂದು ಲೋಡ್ ಲಾರಿ ಸಿಕ್ಕಿತು. ಎರಡನೇ ಗೇರಿನಲ್ಲಿ ತೆವಳುತ್ತಾ ಹತ್ತಬೇಕಾಯಿತು. ಮೊದಲು ಎಸಿ ತಣ್ಣಗೆ ಊದುವುದನ್ನು ನಿಲ್ಲಿಸಿತು. ಐದು ನಿಮಿಷದಲ್ಲಿ ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಒಂದು ತಿರುವಿನಲ್ಲಿ ಜಾಗ ನೋಡಿ ನಿಲ್ಲಿಸಿದೆ. ಬಾನೆಟ್ ಸಂದಿಯಿಂದ ಹಬೆ, ಕೆಳಗೆ ಹಸಿರು ಕೂಲೆಂಟ್ ಹರಿಯುತ್ತಿತ್ತು. ಒಂದು ಗಂಟೆ ಕಾದು, ನೀರು ತುಂಬಿಸಿ, ನಿಂತು ನಿಂತು ಹತ್ತಿ ಹೇಗೋ ಕೊಟ್ಟಿಗೆಹಾರ ಸೇರಿದೆವು.

ಮಾರನೆಯ ದಿನ ಮೂಡಿಗೆರೆಯಿಂದ ಬೇಲೂರು ಮೇಲೆ ಹಾಸನಕ್ಕೆ ಬಂದೆವು. ದಾರಿಯುದ್ದಕ್ಕೂ ಮುಳ್ಳು ಅಲುಗಲಿಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು. ಸ್ಪೀಡಾಗಿ ಹೋಗುವಾಗ ಸರಿ ಇರುತ್ತದೆ, ಘಾಟಿಯಲ್ಲೋ ಟ್ರಾಫಿಕ್ಕಿನಲ್ಲೋ ಹೀಟ್ ಆಗುತ್ತದೆ, ಅದೇ ಹೊತ್ತಿಗೆ ಎಸಿಯೂ ಮಂಕಾಗುತ್ತದೆ. ಈ ಮೂರೂ ಒಟ್ಟಿಗೆ ಬಂದರೆ ಮೊದಲು ನೋಡಬೇಕಾದದ್ದು ಫ್ಯಾನ್ ಕ್ಲಚ್. ಸ್ಪೀಡಿನಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ, ಫ್ಯಾನಿನ ಕೆಲಸ ಅಷ್ಟಾಗಿ ಬೇಕಿಲ್ಲ. ನಿಧಾನಕ್ಕೆ ಹತ್ತುವಾಗ ಫ್ಯಾನ್ ಬಿಟ್ಟರೆ ಬೇರೆ ಗತಿ ಇಲ್ಲ.

ಕ್ಲಚ್ ಅಂದರೆ ಕಾಲಲ್ಲಿ ಒತ್ತುವ ಕ್ಲಚ್ ಅಲ್ಲ. ರೇಡಿಯೇಟರ್ ಹಿಂದಿನ ಫ್ಯಾನಿನ ನಟ್ಟನಡುವೆ ಒಂದು ಅಲ್ಯೂಮಿನಿಯಂ ಡಬ್ಬಿ ಕಾಣುತ್ತದಲ್ಲ, ಮೈಮೇಲೆ ಸಾಲು ಸಾಲು ಪಟ್ಟಿ ಇರುವುದು, ಅದು. ಅದರ ಹಿಂಭಾಗ ವಾಟರ್ ಪಂಪ್ ಜೊತೆ ತಿರುಗುತ್ತದೆ. ಫ್ಯಾನ್ ಕೂತಿರುವುದು ಅದರ ಹೊರಮೈಗೆ. ಇವೆರಡರ ನಡುವೆ ಹಲ್ಲೂ ಇಲ್ಲ, ಪ್ಲೇಟೂ ಇಲ್ಲ. ಇರುವುದು ಜೇನುತುಪ್ಪದಷ್ಟು ದಪ್ಪದ ಸಿಲಿಕೋನ್ ಎಣ್ಣೆ ಮಾತ್ರ. ಡಬ್ಬಿಯ ಮುಂದೆ, ಗಡಿಯಾರದ ಸ್ಪ್ರಿಂಗಿನ ಹಾಗೆ ಸುತ್ತಿದ ಒಂದು ಪಟ್ಟಿ ಇರುತ್ತದೆ. ಎರಡು ಬೇರೆ ಬೇರೆ ಲೋಹ ಸೇರಿಸಿ ಮಾಡಿದ ಪಟ್ಟಿ ಅದು. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದರೆ ಪಟ್ಟಿ ತಿರುಚಿಕೊಂಡು ಒಳಗೊಂದು ಸಣ್ಣ ಕಿಂಡಿ ತೆರೆಯುತ್ತದೆ. ಎಣ್ಣೆ ಒಳಗಿನ ಕಿರಿದಾದ ಗೆರೆಗಳಿಗೆ ನುಗ್ಗುತ್ತದೆ. ಆ ಎಣ್ಣೆಯ ಎಳೆತಕ್ಕೆ ಫ್ಯಾನ್ ಜೋರಾಗಿ ತಿರುಗುತ್ತದೆ. ಗಾಳಿ ತಣ್ಣಗಾದರೆ ಕಿಂಡಿ ಮುಚ್ಚಿ ಎಣ್ಣೆ ವಾಪಸ್ ತನ್ನ ಕೋಣೆಗೆ ಹೋಗುತ್ತದೆ. ಕರೆಂಟಿಲ್ಲ, ಸೆನ್ಸರಿಲ್ಲ. ಎಂಥ ಚೆಂದದ ಕೆಲಸ ನೋಡಿ.

ಇನ್ನೊಂದು ಮುಖ್ಯ ವಿಷಯ. ಈ ಕ್ಲಚ್ ಪೂರ್ತಿ ಹಿಡಿದಾಗಲೂ ಸ್ವಲ್ಪ ಜಾರುತ್ತಲೇ ಇರುತ್ತದೆ. ಬೆಲ್ಟ್ ತಿರುಗಿಸುವ ವಾಟರ್ ಪಂಪಿನ ಪುಲ್ಲಿ 100 ಸುತ್ತು ತಿರುಗಿದರೆ ಫ್ಯಾನ್ ಸಾಮಾನ್ಯವಾಗಿ 70ರಿಂದ 90 ಸುತ್ತು ತಿರುಗುತ್ತದೆ. ಬಿಟ್ಟುಕೊಂಡಾಗ 20ರಿಂದ 30. ಇಂಜಿನ್ ವೇಗ ಜಾಸ್ತಿಯಾದಷ್ಟೂ ಜಾರುವುದು ಜಾಸ್ತಿ. ಫ್ಯಾನ್ ತನ್ನ ಮಿತಿ ಮೀರಿ ತಿರುಗದಿರಲು ಈ ಜಾರುವಿಕೆಯೇ ಕಾವಲು. ನಾನು ಆ ಕಾವಲನ್ನೇ ತೆಗೆಸಿಹಾಕಿದೆ.

ನಾನು ಹೋದ ಗ್ಯಾರೇಜಿನಲ್ಲಿ ಮೊದಲು ಮಾಡಿದ್ದು ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದು. ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ ಅದು. ‘ನಮ್ಮ ಊರಿನ ಬಿಸಿಲಿಗೆ ಇದು ಬೇಕಿಲ್ಲ ಅಣ್ಣಾ’ ಎಂದರು. ಥರ್ಮೋಸ್ಟಾಟ್ ಇಲ್ಲದಿದ್ದರೆ ಹೈವೇಯಲ್ಲಿ ಇಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಘಾಟಿಯ ಸಮಸ್ಯೆಗೆ ಅದರಿಂದ ಏನೂ ಆಗಲಿಲ್ಲ. ಮತ್ತೆ ಹೋದಾಗ ಫ್ಯಾನ್ ಕೈಯಲ್ಲಿ ತಿರುಗಿಸಿ ನೋಡಿದರು. ಸೈಕಲ್ ಚಕ್ರದ ಹಾಗೆ ಸಲೀಸಾಗಿ ತಿರುಗಿತು. ಕ್ಲಚ್ ಬಿಚ್ಚಿ ಮುಚ್ಚಳ ತೆಗೆದರು. ಒಳಗೆ ಎಣ್ಣೆ ಇರಲೇ ಇಲ್ಲ ಎನ್ನಬಹುದು, ಸೋರಿ ಹೋಗಿತ್ತು. ಇಲ್ಲಿವರೆಗೂ ಸರಿ. ಆಮೇಲೆ ಅವರು ಅಂಗಡಿಯಲ್ಲಿದ್ದ 90 ನಂಬರ್ ಗೇರ್ ಎಣ್ಣೆಯನ್ನೇ ಸಿರಿಂಜಿನಲ್ಲಿ ತುಂಬಿ ಮುಚ್ಚಿದರು. ಜೊತೆಗೆ ‘ಬೇಗ ಹಿಡೀಲಿ’ ಎಂದು ಮುಂದಿನ ಸುರುಳಿ ಪಟ್ಟಿಯನ್ನು ಪ್ಲೈಯರ್‌ನಲ್ಲಿ ಹಿಡಿದು ತಿರುಚಿದರು.

ಎರಡೂ ತಪ್ಪು. ಎಣ್ಣೆಯ ದಪ್ಪ ಅಳೆಯುವ ಒಂದು ಲೆಕ್ಕವಿದೆ, ಅದರಲ್ಲಿ ನೀರು ಸುಮಾರು 1. 90 ನಂಬರ್ ಗೇರ್ ಎಣ್ಣೆ 100 ಡಿಗ್ರಿ ಬಿಸಿಯಲ್ಲಿ 20ನ್ನೂ ಮುಟ್ಟುವುದಿಲ್ಲ. ಫ್ಯಾನ್ ಕ್ಲಚ್‌ಗೆಂದು ಟೊಯೋಟಾದವರು ಮಾರುವ ಸಿಲಿಕೋನ್ ಎಣ್ಣೆಯ ನಂಬರ್ 3,000, 6,000, 10,000 ಹೀಗೆ ಇರುತ್ತದೆ. ಅದು ಬರುವುದು 18 ಮಿಲಿಯ ಪುಟ್ಟ ಟ್ಯೂಬಿನಲ್ಲಿ. ಬಿಸಿಯಾದರೂ ಸಿಲಿಕೋನ್ ಎಣ್ಣೆ ಬೇರೆ ಎಣ್ಣೆಗಳಷ್ಟು ತೆಳ್ಳಗಾಗುವುದಿಲ್ಲ, ಅದಕ್ಕೇ ಅದನ್ನು ಹಾಕುವುದು. ಗೇರ್ ಎಣ್ಣೆಯಾಗಲಿ, ಇಂಜಿನ್ ಆಯಿಲ್ ಆಗಲಿ, ಬ್ರೇಕ್ ಆಯಿಲ್ ಆಗಲಿ, ಫ್ಯಾನ್ ಜೋರಾಗಿ ತಿರುಗಬೇಕಾದ ಹೊತ್ತಿಗೆ ನೀರಿನ ಹಾಗೆ ಆಗಿರುತ್ತದೆ. ಗ್ರೀಸ್ ತುಂಬಿದರೆ ಅದು ಕಿಂಡಿಯಲ್ಲಿ ಹರಿಯುವುದೇ ಇಲ್ಲ.

ಇನ್ನು ಸುರುಳಿ ಪಟ್ಟಿ. ಅದನ್ನು ಹೊಂದಿಸಿ ಕಿಂಡಿ ಬೇಗ ತೆರೆಯುವ ಹಾಗೆ ಮಾಡಬಹುದು, ಅದು ಸುಳ್ಳಲ್ಲ. ಲ್ಯಾಂಡ್ ಕ್ರೂಸರ್ ಓಡಿಸುವ ಹವ್ಯಾಸಿಗಳು ಮಾಡುತ್ತಾರೆ. ಅವರು ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳುತ್ತಾರೆ. ಮುಚ್ಚಳವನ್ನು ಬಿಸಿನೀರಿನಲ್ಲಿಟ್ಟು, ಥರ್ಮಾಮೀಟರ್ ಹಿಡಿದು, ಕಿಂಡಿ ಎಷ್ಟು ಡಿಗ್ರಿಗೆ ತೆರೆಯುತ್ತದೆ ಎಂದು ಕಣ್ಣಾರೆ ನೋಡಿ ಹೊಂದಿಸುತ್ತಾರೆ. ಅಂದಾಜಿನಲ್ಲಿ ತಿರುಚುವ ಕೆಲಸ ಅಲ್ಲ ಅದು. ಉಲ್ಟಾ ದಿಕ್ಕಿಗೆ ಹೋದರೆ ಇಂಜಿನ್ ಕುದಿಯುವವರೆಗೂ ಕಿಂಡಿ ತೆರೆಯುವುದೇ ಇಲ್ಲ. ನಮ್ಮದು ಹಾಗೇ ಆಗಿತ್ತು ಎಂದು ಆಮೇಲೆ ತಿಳಿಯಿತು.

ಗೇರ್ ಎಣ್ಣೆ ಹಾಕಿಸಿದ ವಾರದಲ್ಲೇ ಗಾಡಿ ಮತ್ತೆ ಹೀಟ್ ಆಯಿತು, ಈ ಸಲ ಹಾಸನದ ಪೇಟೆಯೊಳಗೇ. ಮೂರನೇ ಸಲ ಗ್ಯಾರೇಜು. ಆಗ ಬಂದದ್ದು ‘ಡೈರೆಕ್ಟ್’ ಮಾತು. ಹೊಸ ಕ್ಲಚ್ ದುಬಾರಿ, ಸುಮ್ನೆ ಯಾಕೆ ಖರ್ಚು, ನಾವು ಎಷ್ಟೋ ಗಾಡಿಗೆ ಮಾಡಿದ್ದೀವಿ ಎಂದರು. ಡಬ್ಬಿಗೆ ತೂತು ಕೊರೆದು ಎರಡು ಬೋಲ್ಟ್ ಹೊಡೆದು ಹಿಂದು ಮುಂದು ಒಂದೇ ಮಾಡಿದರು. ಅಂದಿನಿಂದ ಫ್ಯಾನ್ ಜಾರುವ ಪ್ರಶ್ನೆಯೇ ಇಲ್ಲ, ಇಂಜಿನ್ ಎಷ್ಟು ತಿರುಗಿಸಿದರೆ ಅಷ್ಟು.

ಹೀಟ್ ಆಗುವುದು ನಿಂತಿತು, ನಿಜ. ಅದೇ ನನ್ನನ್ನು ಮೋಸಗೊಳಿಸಿದ್ದು. ಸದ್ದು ವಿಮಾನದ ಹಾಗೆ. 12 ಕೊಡುತ್ತಿದ್ದ ಮೈಲೇಜ್ 10ಕ್ಕೆ ಇಳಿಯಿತು. ಫ್ಯಾನಿನ ವೇಗ ಎರಡರಷ್ಟಾದರೆ ಅದನ್ನು ತಿರುಗಿಸಲು ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ಡೀಸೆಲ್ ಎಲ್ಲಿಗೆ ಹೋಗುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಜೊತೆಗೆ ಇಂಜಿನ್ನಿನ ಪ್ರತಿ ಜರ್ಕೂ ನೇರವಾಗಿ ಪ್ಲಾಸ್ಟಿಕ್ ರೆಕ್ಕೆಗಳಿಗೆ, ವಾಟರ್ ಪಂಪಿನ ಬೇರಿಂಗಿಗೆ ಹೋಗುತ್ತಿತ್ತು. ಎಣ್ಣೆ ಇದ್ದಾಗ ಆ ಜರ್ಕನ್ನು ಅದು ನುಂಗಿಕೊಳ್ಳುತ್ತಿತ್ತು. ಬೋಲ್ಟುಗಳ ತೂಕ ಸರಿಸಮ ಇರಲಿಲ್ಲವಾದ್ದರಿಂದ ನಡುಕ ಬೇರೆ.

ಜೂನ್‌ನಲ್ಲಿ ಬೆಂಗಳೂರಿಗೆ ಹೊರಟಿದ್ದೆವು. ಚನ್ನರಾಯಪಟ್ಟಣ ದಾಟಿದ ಮೇಲೆ ಒಂದು ಬಸ್ಸನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಬಾನೆಟ್ ಕೆಳಗೆ ಕಲ್ಲು ಹೊಡೆದಂತೆ ಢಮ್ ಎಂದಿತು. ಸ್ಟಿಯರಿಂಗ್ ನಡುಗಿತು. ಪಕ್ಕಕ್ಕೆ ತೆಗೆದುಕೊಳ್ಳಲು ಹಿಂದಿನಿಂದ ಬರುವ ಗಾಡಿಗಳು ಬಿಡಬೇಕಲ್ಲ, ಹೆಚ್ಚೂಕಡಿಮೆ ಒಂದೂವರೆ ಕಿಲೋಮೀಟರ್ ಹಾಗೇ ಓಡಿಸಿದೆ. ಮುಳ್ಳು ಮೇಲೇರಲಿಲ್ಲ, ಕೆಳಗಿಳಿಯುತ್ತಿತ್ತು. ಪರವಾಗಿಲ್ಲ ಅಂದುಕೊಂಡೆ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ: ಟೆಂಪರೇಚರ್ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ಕೂಲೆಂಟ್ ಪೂರ್ತಿ ಹೋಗಿದ್ದರೆ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಒಂದು ರೆಕ್ಕೆ ಮುರಿದು ರೇಡಿಯೇಟರನ್ನು ಸೀಳಿತ್ತು. ಇನ್ನೊಂದು ಚೂರು ಸುತ್ತಲಿನ ಕವಚ ಒಡೆದು ಬಾನೆಟ್ಟಿಗೆ ಒಳಗಿನಿಂದ ಬಡಿದು ಉಬ್ಬಿಸಿತ್ತು. ಆ ಹೊತ್ತಿಗೆ ಬಾನೆಟ್ ಎತ್ತಿ ಯಾರಾದರೂ ಬಗ್ಗಿ ನೋಡುತ್ತಿದ್ದರೆ? ಈಗಲೂ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಟೋ ಮಾಡಿಸಿ ಹಾಸನಕ್ಕೆ ತಂದು ಈ ಸಲ ಬೇರೆ ಮೇಸ್ತ್ರಿ ಹತ್ತಿರ ಬಿಟ್ಟೆ. ವಯಸ್ಸಾದವರು. ಕ್ಲಚ್ ಕೈಗೆತ್ತಿಕೊಂಡು ಬೋಲ್ಟ್ ನೋಡಿದರು. ‘ಇದನ್ನ ಯಾಕೆ ಮಾಡಿಸಿದ್ರಿ ಸಾರ್? ಲಾರಿಯವರು ನಡುದಾರಿಯಲ್ಲಿ ಕೆಟ್ಟರೆ ಊರು ಮುಟ್ಟೋವರೆಗೆ ಮೆತ್ತಗೆ ಓಡಿಸೋಕೆ ಮಾಡ್ಕೋತಾರೆ. ಊರಿಗೆ ಬಂದ ಕೂಡಲೇ ತೆಗೀತಾರೆ’ ಎಂದರು. ಕೂಲೆಂಟ್ ಇಲ್ಲದೆ ಓಡಿಸಿದ್ದಕ್ಕೆ ಇಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡಾಗಿತ್ತು, ಲೇತಿಗೆ ಕಳಿಸಿ ಫೇಸಿಂಗ್ (ಮೈ ಸಮ) ಮಾಡಿಸಬೇಕಾಯಿತು. ಹೆಡ್ ಗ್ಯಾಸ್ಕೆಟ್, ರೇಡಿಯೇಟರ್, ವಾಟರ್ ಪಂಪ್, ಫ್ಯಾನ್, ಕವಚ, ಹೊಸ ಕ್ಲಚ್, ಹೊಸ ಥರ್ಮೋಸ್ಟಾಟ್. ಏಪ್ರಿಲ್‌ನಲ್ಲೇ ಕ್ಲಚ್ ಒಂದನ್ನು ಬದಲಾಯಿಸಿದ್ದರೆ ಈ ಪಟ್ಟಿಯಲ್ಲಿ ಬೇರೆ ಏನೂ ಇರುತ್ತಿರಲಿಲ್ಲ.

ಆ ಮೇಸ್ತ್ರಿ ಹೇಳಿಕೊಟ್ಟ ಪರೀಕ್ಷೆಯನ್ನು ನಾನು ಈಗ ತಿಂಗಳಿಗೊಮ್ಮೆ ಮಾಡುತ್ತೇನೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಕೀ ಜೇಬಿನಲ್ಲಿಟ್ಟುಕೊಂಡು, ಫ್ಯಾನನ್ನು ಕೈಯಲ್ಲಿ ತಿರುಗಿಸಿ ಬಿಡಿ. ಬಿಗಿಯಾಗಿ, ಜಿಗುಟು ಜಿಗುಟಾಗಿ ತಿರುಗಿ ಬೇಗ ನಿಲ್ಲಬೇಕು. ಗರಗರ ತಿರುಗುತ್ತಲೇ ಇದ್ದರೆ ಎಣ್ಣೆ ಹೋಗಿದೆ. ಅಲುಗಾಡದಷ್ಟು ಬಿಗಿಯಿದ್ದರೆ ಕ್ಲಚ್ ಜಾಮ್ ಆಗಿದೆ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಆಟ ಇದ್ದರೆ ಕ್ಲಚ್ ಬೇರಿಂಗ್ ಇಲ್ಲವೇ ಪಂಪ್ ಬೇರಿಂಗ್ ಹೋಗಿದೆ. ಸುರುಳಿ ಪಟ್ಟಿಯ ಸುತ್ತ ಎಣ್ಣೆಗೆ ಧೂಳು ಮೆತ್ತಿ ಕಪ್ಪಗಾಗಿದ್ದರೆ ಅದು ಸೋರಿಕೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಫ್ಯಾನ್ ಜೋರಾಗಿ ಸದ್ದು ಮಾಡುವುದು ಮಾಮೂಲು. ರಾತ್ರಿ ಎಣ್ಣೆ ಕೆಳಗಿಳಿದು ಗೆರೆಗಳಲ್ಲಿ ಕೂತಿರುತ್ತದೆ, ಅಷ್ಟೇ. ತಿರುಗುವ ಫ್ಯಾನಿಗೆ ಪೇಪರ್ ಸುರುಳಿ ಇಟ್ಟು ನಿಲ್ಲಿಸಿ ನೋಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಬೆರಳು ಹೋಗುತ್ತದೆ.

ಎಣ್ಣೆ ತುಂಬಿಸಲೇಬೇಕು ಅಂತಿದ್ದರೆ ಸಿಲಿಕೋನ್ ಎಣ್ಣೆಯನ್ನೇ, ನಿಮ್ಮ ಕ್ಲಚ್‌ಗೆ ಹೇಳಿದ ನಂಬರಿನದನ್ನೇ, ಅಳತೆ ಮಾಡಿ ಹಾಕಿಸಿ. ಜಾಸ್ತಿಯಾದರೆ ಫ್ಯಾನ್ ಬಿಟ್ಟುಕೊಳ್ಳುವುದೇ ಇಲ್ಲ, ಮತ್ತೆ ಅರ್ಧ ಡೈರೆಕ್ಟ್ ಮಾಡಿದ ಹಾಗೆ. ಸೀಲ್, ಬೇರಿಂಗ್ ಹೋಗಿರುವ ಕ್ಲಚ್‌ಗೆ ಎಣ್ಣೆ ಹಾಕುವುದು ದಂಡ, ಹೊಸದೇ ತನ್ನಿ. ಬಿಚ್ಚಿಟ್ಟ ಕ್ಲಚ್ಚನ್ನು ನೆಲದ ಮೇಲೆ ಅಂಗಾತ ಮಲಗಿಸಬೇಡಿ. ಗಾಡಿಯಲ್ಲಿ ಇದ್ದ ಹಾಗೆ ನಿಲ್ಲಿಸಿಡಿ, ಇಲ್ಲದಿದ್ದರೆ ಎಣ್ಣೆ ಸೋರಬಹುದು. ಕೆಲವು ಗಾಡಿಗಳಲ್ಲಿ ಕ್ಲಚ್ ನಾಲ್ಕು ನಟ್ಟುಗಳ ಮೇಲೆ ಕೂತಿರುತ್ತದೆ, ಕೆಲವದರಲ್ಲಿ ಒಂದೇ ದೊಡ್ಡ ನಟ್, ಅದೂ ಉಲ್ಟಾ ತಿರುಪಿನದ್ದು ಇರಬಹುದು. ತಿಳಿಯದೆ ಒತ್ತಿ ತಿರುಗಿಸಿದರೆ ಪಂಪಿನ ಶಾಫ್ಟೇ ಹಾಳು.

ಘಾಟಿಯ ನಡುವೆ ಮುಳ್ಳು ಏರಿದರೆ ಮೊದಲು ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಕಾಲು ಚಾಚಿ ಕೂತು ಕಾಯಿರಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ.

ಹಳೆ ಗಾಡಿ ಕೊಳ್ಳಲು ಹೊರಟವರಿಗೆ ಒಂದು ಮಾತು. ಮಾರುವವರು ‘ಎಂಥ ಘಾಟಿ ಹತ್ತಿದರೂ ಹೀಟ್ ಆಗಲ್ಲ’ ಎಂದರೆ ಬಾನೆಟ್ ಎತ್ತಿ, ಇಂಜಿನ್ ಆಫ್ ಇರುವಾಗ, ಟಾರ್ಚ್ ಹಿಡಿದು ಫ್ಯಾನಿನ ನಡುವಿನ ಡಬ್ಬಿ ನೋಡಿ. ಅಲ್ಲಿ ಇರಬಾರದ ಬೋಲ್ಟಿನ ತಲೆ, ವೆಲ್ಡಿಂಗ್ ಗುರುತು, ಎಂ-ಸೀಲ್ ಮೆತ್ತಿದ್ದು ಕಂಡರೆ, ಫ್ಯಾನ್ ತಿರುಗಿಸಿದಾಗ ಬೆಲ್ಟೂ ಜೊತೆಗೇ ಎಳೆದುಕೊಂಡು ಬಂದರೆ, ಅದು ಡೈರೆಕ್ಟ್ ಮಾಡಿದ ಗಾಡಿ. ಬೆಲೆ ಮಾತಾಡುವ ಮೊದಲು ಹೊಸ ಕ್ಲಚ್, ವಾಟರ್ ಪಂಪ್ ಎರಡರ ದುಡ್ಡನ್ನೂ ಕಳೆದುಬಿಡಿ. ಕೊಂಡ ಮೇಲೆ ಮೊದಲು ಗ್ಯಾರೇಜಿಗೆ ಹೋಗಿ, ಹೈವೇಗೆ ಆಮೇಲೆ.