ಶಾಲೆಯ ಲ್ಯಾಬಿನಲ್ಲಿ ಲಿನಕ್ಸ್ ಮಿಂಟ್: 2022ರಿಂದ ಬಳಸಿದ ಮೇಲೆ

ನಮ್ಮದು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆ. ನಾನು ಗಣಿತದ ಮೇಷ್ಟ್ರು. ಕಂಪ್ಯೂಟರ್ ಲ್ಯಾಬಿನ ಬೀಗದ ಕೈಯೂ ನನ್ನ ಹತ್ತಿರವೇ ಇರುತ್ತದೆ. ನಮ್ಮ ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ಮುಗಿದಿತ್ತು. ಹೊಸ ವಿಂಡೋಸ್ ಹಾಕೋಣ ಅಂದರೆ ಲೈಸೆನ್ಸಿಗೆ ದುಡ್ಡಿಲ್ಲ, ಯಂತ್ರಗಳಿಗೆ ಅಷ್ಟು ತಾಕತ್ತೂ ಇಲ್ಲ. 2022ರ ದಸರಾ ರಜೆಯಲ್ಲಿ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ 21 ಹಾಕಿದೆವು. ಅದರ ಮೂರು ಬಗೆಗಳಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇಯನ್ನೇ ಆರಿಸಿಕೊಂಡೆವು. ಅದಕ್ಕೆ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಆರಾಮ.

ನಿಮ್ಮ ಶಾಲೆಗೂ ಹಾಕಬಹುದಾ? ಹಾಕಬಹುದು. ಆದರೆ ವಾರಕ್ಕೊಂದು ಪೀರಿಯಡ್ ಲ್ಯಾಬ್ ನೋಡಿಕೊಳ್ಳುವವರು ಯಾರು ಅಂತ ಮೊದಲು ವೇಳಾಪಟ್ಟಿಯಲ್ಲೇ ಬರೆಸಿ. ಬರೆಸದಿದ್ದರೆ ಯಾವ ಸಾಫ್ಟ್‌ವೇರ್ ಹಾಕಿದರೂ ಒಂದೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಲ್ಯಾಬಿಗೆ ಜೀವ ಬಂದದ್ದು ಬರೀ ಮಿಂಟಿನಿಂದಲ್ಲ, ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗವಾದ ಎಸ್‌ಎಸ್‌ಡಿಯಿಂದ. ಪೀರಿಯಡ್ ಇರುವುದು 40 ನಿಮಿಷ. ಹಳೆಯ ಹಾರ್ಡ್ ಡಿಸ್ಕ್ ಶುರುವಾಗುವಷ್ಟರಲ್ಲಿ ಅದರಲ್ಲಿ ಕಾಲು ಭಾಗ ಹೋಗಿಬಿಡುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಹೊಸ ಕಂಪ್ಯೂಟರ್ ಕೊಡಿಸುತ್ತೇವೆ ಅಂದಾಗ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೂತು ಆ ದುಡ್ಡನ್ನು ಎಸ್‌ಎಸ್‌ಡಿಗೆ ತಿರುಗಿಸಿಕೊಂಡೆವು. ಫೋಟೋ ತೆಗೆಸಿಕೊಳ್ಳಲು ಎಸ್‌ಎಸ್‌ಡಿ ಚೆನ್ನಾಗಿ ಕಾಣುವುದಿಲ್ಲ, ಹಾಗಾಗಿ ಒಪ್ಪಿಸೋದು ಸ್ವಲ್ಪ ಕಷ್ಟವೇ ಆಯಿತು. ಈಗ ಮಕ್ಕಳು ಬೆಂಚಿನ ಮೇಲೆ ಕೂರುವುದರೊಳಗೆ ಪರದೆ ಸಿದ್ಧ.

ಮಿಂಟಿನಲ್ಲೇ ಬರುವ ಎರಡು ಸಲಕರಣೆಗಳು ಶಾಲೆಗೆ ಹೇಳಿಮಾಡಿಸಿದಂತಿವೆ. ಒಂದು ಟೈಮ್‌ಶಿಫ್ಟ್. ಎಲ್ಲ ಸರಿಯಿದ್ದಾಗ ಸಿಸ್ಟಮ್ಮಿನ ಒಂದು ನಕಲು ಇಟ್ಟುಕೊಂಡಿದ್ದರೆ, ಏನಾದರೂ ಕೆಟ್ಟಾಗ ಆ ಸ್ಥಿತಿಗೆ ವಾಪಸ್ ತರಬಹುದು. ಮಕ್ಕಳ ಫೈಲುಗಳನ್ನು ಅದು ತಾನಾಗಿ ಉಳಿಸುವುದಿಲ್ಲ, ಅದಕ್ಕೆ ಪೆನ್‌ಡ್ರೈವ್ ಬೇರೆ ಇಟ್ಟಿದ್ದೇವೆ. ಇನ್ನೊಂದು ವಾರ್ಪಿನೇಟರ್. ಒಂದೇ ನೆಟ್‌ವರ್ಕಿನಲ್ಲಿರುವ ಯಂತ್ರಗಳ ನಡುವೆ ಇಂಟರ್ನೆಟ್ ಇಲ್ಲದೆಯೇ ಫೈಲ್ ಕಳಿಸುತ್ತದೆ. ಮಕ್ಕಳು ಮಾಡಿದ ಕೆಲಸವೆಲ್ಲ ನನ್ನ ಯಂತ್ರಕ್ಕೆ ಬಂದು ಬೀಳುತ್ತದೆ. ಕ್ರಿಕೆಟ್ ಆಟಗಾರರ ಫೋಟೋ ಹಿಂದಿನ ಸಾಲಿಗೆ ಹೋಗುವುದೂ ಇದರಲ್ಲೇ. ಇರಲಿ, ಹಾಗೇ ಕಲಿತರು.

ಕನ್ನಡ ಟೈಪಿಂಗ್ ಬಗ್ಗೆ ಸಹೋದ್ಯೋಗಿಗಳಿಗೆ ಜಾಸ್ತಿ ಭಯ ಇತ್ತು. ನುಡಿ ತಂತ್ರಾಂಶದಲ್ಲಿ ಕೈ ಕೂತವರು ಬೇರೆ ಕೀಲಿಮಣೆಗೆ ಬರುವುದಿಲ್ಲ ಅಂತಲೇ ಹಟ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಭಾರತದ ಪಟ್ಟಿಯೊಳಗೆ ನುಡಿಯಲ್ಲಿರುವ ಕಗಪ ಕೀಲಿ ವಿನ್ಯಾಸವೇ ಇದೆ, ಏನೂ ಇಳಿಸಿಕೊಳ್ಳುವುದು ಬೇಡ. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸ ಹಾಗೇ ನಡೆಯುತ್ತದೆ. ಕನ್ನಡದ ಮೇಡಂ ಮೊದಲ ದಿನವೇ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಎದ್ದರು.

ತಲೆನೋವು ಹಳೆಯ ಫೈಲುಗಳದ್ದು. ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳನ್ನು ಮಿಂಟಿನ ಜೊತೆ ಬರುವ ಲಿಬ್ರೆ ಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಇದು ಲಿನಕ್ಸಿನ ತಪ್ಪಲ್ಲ, ಆ ಫಾಂಟ್ ಇಲ್ಲದ ವಿಂಡೋಸಿನಲ್ಲೂ ಇದೇ ಗತಿ. ಪರಿವರ್ತಕ ಬಳಸಿ ಯೂನಿಕೋಡಿಗೆ ತರಬಹುದು. ಆಮೇಲೆ ಅರ್ಕಾವೊತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ಕಣ್ಣಾಡಿಸಿ ನೋಡಲೇಬೇಕು. ಈ ಕೆಲಸಕ್ಕೆ ಸಮಯ ತೆಗೆದಿಡದೆ ಲ್ಯಾಬ್ ಬದಲಾಯಿಸಿದರೆ, ಪರೀಕ್ಷೆ ಹತ್ತಿರ ಬಂದಾಗ ಸ್ಟಾಫ್ ರೂಮಿನಲ್ಲಿ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ.

ಪಾಠಕ್ಕೆ ನಾನು ಹೆಚ್ಚು ಬಳಸುವುದು ಜಿಯೋಜೀಬ್ರಾ, ರೇಖಾಗಣಿತದ ಚಿತ್ರ ಬರೆದು ಎಳೆದಾಡಿ ನೋಡುವ ತಂತ್ರಾಂಶ. ವೃತ್ತದ ಮೇಲಿನ ಬಿಂದುವನ್ನು ಎಳೆದಾಡಿದರೂ, ಅದು ಜ್ಯಾದ ಒಂದೇ ಕಡೆಯ ಖಂಡದಲ್ಲಿರುವಷ್ಟು ಹೊತ್ತು, ಆ ಜ್ಯಾ ಅಲ್ಲಿ ಮಾಡುವ ಕೋನ ಬದಲಾಗುವುದಿಲ್ಲ. ಕೇಂದ್ರದ ಕೋನ ಅದರ ಎರಡರಷ್ಟು. ಬೋರ್ಡಿನ ಮೇಲೆ ಎಷ್ಟು ಚಿತ್ರ ಬರೆದರೂ ‘ಸರ್, ಯಾವಾಗಲೂ ಹಾಗೇನಾ?’ ಅನ್ನುತ್ತಿದ್ದ ಹುಡುಗಿ, ತಾನೇ ಎಳೆದು ನೋಡಿ ಸುಮ್ಮನಾದಳು. ಆಮೇಲೆ ಬಿಂದುವನ್ನು ಆ ಕಡೆಯ ಖಂಡಕ್ಕೆ ದಾಟಿಸಿ, ‘ಈಗ ಬದಲಾಯ್ತಲ್ಲ ಸರ್’ ಅಂದಳು. ಆ ಪೀರಿಯಡ್ ಪೂರ್ತಿ ಅದರಲ್ಲೇ ಹೋಯಿತು. ಎರಡೂ ಕೋನ ಕೂಡಿದರೆ 180 ಡಿಗ್ರಿ ಅಂತ ಕೊನೆಗೆ ಅವರೇ ಕಂಡುಕೊಂಡರು.

ಹೊಂದದ ಕೆಲಸಗಳೂ ಇವೆ. ಕಚೇರಿಯ ಹಳೆಯ ಲೇಸರ್ ಪ್ರಿಂಟರಿಗೆ ಚಾಲಕ ತಂತ್ರಾಂಶ ಹುಡುಕಿ ಸಾಕಾಯಿತು, ಬಿಟ್ಟುಬಿಟ್ಟೆ. ಸಂಬಳದ ಬಿಲ್ಲು, ಡಿಜಿಟಲ್ ಸಹಿಯ ಡಾಂಗಲ್ ಇರುವ ಹೆಡ್‌ಮಾಸ್ಟರ್ ಕಂಪ್ಯೂಟರನ್ನಂತೂ ನಾನು ಮುಟ್ಟಲೇ ಇಲ್ಲ. ಎಲ್ಲರ ಸಂಬಳ ತಡವಾದರೆ ಸ್ವತಂತ್ರ ತಂತ್ರಾಂಶದ ಭಾಷಣ ಯಾರು ಕೇಳುತ್ತಾರೆ? 32 ಬಿಟ್‌ನ ಒಂದೆರಡು ತೀರಾ ಹಳೆಯ ಯಂತ್ರಗಳಿಗೂ ಮಿಂಟ್ 21 ಬರುವುದಿಲ್ಲ. ಅವನ್ನು ಬಿಚ್ಚಿ ಒಳಗೆ ಏನೇನಿದೆ ಅಂತ ಎಂಟನೇ ಕ್ಲಾಸಿಗೆ ತೋರಿಸುತ್ತೇವೆ.

ಅಪ್‌ಡೇಟ್ ಮೊಬೈಲ್ ಹಾಟ್‌ಸ್ಪಾಟಿನಲ್ಲೇ ನಡೆಯಬೇಕು. ಎಲ್ಲ ಯಂತ್ರಗಳೂ ಅದದೇ ಫೈಲ್ ಇಳಿಸಿಕೊಂಡರೆ ದಿನದ ಡೇಟಾ ಗಂಟೆಯೊಳಗೆ ಖಾಲಿ. ನನ್ನ ಯಂತ್ರದಲ್ಲಿ ಇಳಿಸಿದ ಫೈಲುಗಳನ್ನು ಕೂಡಿಟ್ಟು ಹಂಚುವ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ತಂತ್ರಾಂಶ ಹಾಕಿದ ಮೇಲೆ ಫೈಲು ಒಂದು ಸಲ ಇಳಿಯುತ್ತದೆ, ಉಳಿದವು ಅಲ್ಲಿಂದ ತೆಗೆದುಕೊಳ್ಳುತ್ತವೆ.

ಕರೆಂಟ್ ವಿಷಯದಲ್ಲಿ ಮಾತ್ರ ಯಾವ ಸಾಫ್ಟ್‌ವೇರೂ ಉಪಯೋಗಕ್ಕಿಲ್ಲ. ಮಳೆಗಾಲದಲ್ಲಿ ಯುಪಿಎಸ್ ಬ್ಯಾಟರಿ ಸೋತರೆ ಲ್ಯಾಬ್ ಬಂದ್. ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಸತ್ತರೆ ಗಡಿಯಾರ ಹಳೆಯ ವರ್ಷಕ್ಕೆ ಓಡುತ್ತದೆ, ಬ್ರೌಸರ್ ಯಾವ ಸೈಟನ್ನೂ ನಂಬುವುದಿಲ್ಲ. ರಿಪೇರಿಗೆ ಬಂದವರು ಒಮ್ಮೆ ಇದಕ್ಕೆ ಮದರ್‌ಬೋರ್ಡೇ ಬದಲಾಯಿಸಬೇಕು ಅಂದಿದ್ದರು. ಬಿಲ್ಲೆ ಪೇಟೆಯ ವಾಚಿನಂಗಡಿಯಲ್ಲಿ ಸಿಕ್ಕಿತು. ಈಗ ಒಂಬತ್ತನೇ ಕ್ಲಾಸಿನ ಇಬ್ಬರು ಮಕ್ಕಳು ಒಂದು ಪುಸ್ತಕ ಇಟ್ಟಿದ್ದಾರೆ. ಯಂತ್ರದ ನಂಬರ್, ತೊಂದರೆ, ಏನು ಮಾಡಿದೆವು, ಅಷ್ಟೇ. ನಾನು ರಜೆ ಹಾಕಿದ ದಿನವೂ ಲ್ಯಾಬ್ ನಡೆಯುತ್ತದೆ.

ಮಿಂಟ್ 21ಕ್ಕೆ ಬೆಂಬಲ ಇರುವುದು 2027ರ ಏಪ್ರಿಲ್‌ವರೆಗೆ. ಆ ವರ್ಷದ ಬೇಸಿಗೆ ರಜೆಯಲ್ಲಿ ಮುಂದಿನ ಆವೃತ್ತಿ ಹಾಕುವುದು ಅಂತ ಎಸ್‌ಡಿಎಂಸಿ ನಡಾವಳಿಯಲ್ಲಿ ಈಗಲೇ ಬರೆಸಿದ್ದೇನೆ. ನನಗೆ ಅಷ್ಟರಲ್ಲಿ ವರ್ಗಾವಣೆ ಆದರೂ ಆಗಬಹುದು, ಅಲ್ವಾ?