ತೊಟ್ಟಿಗೆ ಯಾವ ಎರೆಹುಳು? ಮೂರನ್ನೂ ಸಾಕಿ ನೋಡಿದ ಮೇಲೆ

ಎರೆಗೊಬ್ಬರದ ತೊಟ್ಟಿಗೆ ಯಾವ ಹುಳು ಬಿಡಬೇಕು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಆಫ್ರಿಕಾದ ಹುಳು, ಯೂಡ್ರಿಲಸ್ ಯೂಜೀನಿಯೇ. ಸಾಗರದ ಕಡೆಯ ನಮ್ಮ ಅಡಿಕೆ ತೋಟದಲ್ಲಿ, ಕೊಟ್ಟಿಗೆಯ ಹಿಂದಿನ ತೊಟ್ಟಿಗಳಲ್ಲಿ ಕೆಂಪು ಹುಳು ಐಸೇನಿಯಾ ಫೆಟಿಡಾವನ್ನೂ ನಮ್ಮ ದೇಶದ್ದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಅನ್ನೂ ಸಾಕಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಪೆರಿಯೋನಿಕ್ಸ್ ನಾನು ಬಯಸಿ ತಂದದ್ದಲ್ಲ. ಕೆಂಪು ಹುಳುವೆಂದು, ಅದರ ದರಕ್ಕೇ ಮಾರಿದ ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಇತ್ತು.

ಮೂರೂ ಮಣ್ಣಿನ ಮೇಲ್ಪದರದಲ್ಲಿ ಕೊಳೆತ ಸೊಪ್ಪು, ಸಗಣಿ ತಿಂದು ಬದುಕುವ ಜಾತಿಗಳು. ತೋಟ ಅಗೆಯುವಾಗ ಸಿಗುವ ಲ್ಯಾಂಪಿಟೋದಂಥ ಹುಳುಗಳನ್ನು ತಂದು ತೊಟ್ಟಿಗೆ ಹಾಕುವವರಿದ್ದಾರೆ. ಅವು ಮಣ್ಣಿನಲ್ಲಿ ಬಿಲ ತೋಡಿಕೊಂಡು ಇರುವಂಥವು, ಬರೀ ಸಗಣಿಯ ರಾಶಿಯಲ್ಲಿ ಹೊಂದಿಕೊಳ್ಳುವುದಿಲ್ಲ. ಅವನ್ನು ಇದ್ದಲ್ಲೇ ಬಿಡುವುದು ತೋಟಕ್ಕೂ ಒಳ್ಳೆಯದು.

ಪೆರಿಯೋನಿಕ್ಸ್ ಗೊಬ್ಬರ ಮಾಡುವುದಿಲ್ಲ ಎಂದಲ್ಲ. ತಿನ್ನುವುದರಲ್ಲಿ ಚುರುಕು, ಸೆಕೆಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಮುಂಗಾರಿನ ಮೊದಲ ಜೋರು ಮಳೆ ಬಿದ್ದ ರಾತ್ರಿ ಅದಕ್ಕೆ ತೊಟ್ಟಿ ಬೇಡವಾಗುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಗೋಡೆಯ ಮೇಲೆ, ಗೋಣಿಯ ಅಡಿಯಲ್ಲಿ, ಕೊಟ್ಟಿಗೆಯ ಚರಂಡಿಯುದ್ದಕ್ಕೂ ಹುಳುಗಳು. ಉಳಿದವು ಕೋಳಿಗಳ ಪಾಲಾಗಿದ್ದವು. ತೊಟ್ಟಿಯೊಳಗೆ ನೀರು ನಿಂತಿರಲಿಲ್ಲ, ಆಹಾರಕ್ಕೂ ಕೊರತೆಯಿರಲಿಲ್ಲ. ಎರೆಹುಳು ಉಸಿರಾಡುವುದು ಒದ್ದೆ ಚರ್ಮದಿಂದ, ಒಣಗಿದರೆ ಸತ್ತಂತೆ. ಗಾಳಿಯೇ ಒದ್ದೆಯಾಗಿರುವ ರಾತ್ರಿ ಆ ಭಯವಿಲ್ಲವಲ್ಲ, ಊರು ಸುತ್ತಲು ಹೊರಡುತ್ತವೆ.

ಗೋಣಿ ಕಟ್ಟಿದೆ, ನುಸುಳಿದವು. ಸೊಳ್ಳೆ ಪರದೆ ಬಿಗಿದೆ, ಅಂಚಿನಲ್ಲಿ ಗುಂಪುಗೂಡಿ ಸತ್ತವು. ಕೊನೆಗೆ ಕೈಹಿಡಿದದ್ದು ತೊಟ್ಟಿಯ ಮೇಲೆ ರಾತ್ರಿಯಿಡೀ ಉರಿಯುವ ಬಲ್ಬು. ಹುಳುಗಳಿಗೆ ಕಣ್ಣಿಲ್ಲದಿದ್ದರೂ ಚರ್ಮಕ್ಕೆ ಬೆಳಕಿನ ಅರಿವಿದೆ, ಬಿಳಿ ಬೆಳಕು ಬಿದ್ದರೆ ಒಳಗಿಳಿಯುತ್ತವೆ. ಕೆಂಪು ಬೆಳಕು ಅವುಗಳಿಗೆ ಅಷ್ಟಾಗಿ ತಾಗುವುದಿಲ್ಲ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು ಹೋದರೆ ಅವುಗಳ ಮೆರವಣಿಗೆಯನ್ನು ನೋಡಬಹುದು. ಆದರೆ ಮಳೆಗಾಲದ ಮಲೆನಾಡಿನಲ್ಲಿ ರಾತ್ರಿಯಿಡೀ ಕರೆಂಟು ಇರುತ್ತದೆಂದು ನಂಬಿ ಹುಳು ಸಾಕುವುದು ನನ್ನಿಂದಾಗದು.

ಚೀಲದಲ್ಲಿರುವುದು ಯಾವುದೆಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಬೆಳೆದ ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಬಿಸಿಲಿಗೆ ಹಿಡಿಯಿರಿ. ಬೆನ್ನ ಮೇಲೆ ನೀಲಿ-ನೇರಳೆ ಹೊಳಪು ಮಿಂಚಿ, ಮುಟ್ಟಿದ ಕೂಡಲೇ ಹುಚ್ಚೆದ್ದಂತೆ ಹೊರಳಾಡಿದರೆ ಪೆರಿಯೋನಿಕ್ಸ್. ಅದರ ಮೊಟ್ಟೆಪಟ್ಟಿ, ಅಂದರೆ ಬೆಳೆದ ಹುಳುವಿನ ಮೈ ಸುತ್ತ ಕಾಣುವ ಪಟ್ಟಿ, ತಲೆಗೆ ಹತ್ತಿರ, ಮೈಗೆ ಸಮನಾಗಿ ಇರುತ್ತದೆ. ಕೆಂಪು ಹುಳುವಿನದು ಇನ್ನಷ್ಟು ಹಿಂದೆ, ಉಬ್ಬಿಕೊಂಡು ಎದ್ದು ಕಾಣುತ್ತದೆ. ಮೈಮೇಲೆ ಉಂಗುರ ಉಂಗುರವಾಗಿ ಮಾಸಲು ಹಳದಿ ಗೆರೆಗಳು, ಬಾಲದ ತುದಿಯೂ ಹಳದಿ.

ನಿಜವಾದ ಕೆಂಪು ಹುಳು ಗಟ್ಟಿ ಜೀವ. ಚಳಿಗೆ ಅಂಜುವುದಿಲ್ಲ, ಒರಟಾಗಿ ಕೈಯಾಡಿಸಿದರೂ ಸಾಯುವುದಿಲ್ಲ. ಹಿಸುಕಿದರೆ ನಾರುವ ಹಳದಿ ದ್ರವ ಬಿಡುತ್ತದೆ, ಅಷ್ಟೇ. ಕೊಡಗಿನ ಎತ್ತರದಲ್ಲಿದ್ದಿದ್ದರೆ ಬಹುಶಃ ಇದನ್ನೇ ಆರಿಸಿಕೊಳ್ಳುತ್ತಿದ್ದೆ. ನನ್ನ ತಕರಾರು ಅದರ ಗಾತ್ರದ್ದು: ಗೊಬ್ಬರದಿಂದ ಬೇರ್ಪಡಿಸುವಷ್ಟರಲ್ಲಿ ಬೆನ್ನು ನೋಯುತ್ತದೆ.

ಆಫ್ರಿಕಾದ ಹುಳು ಗೇಣುದ್ದಕ್ಕೆ ಹತ್ತಿರ ಬೆಳೆಯುತ್ತದೆ. ನೀರು ಹಾಕುವುದನ್ನು ನಿಲ್ಲಿಸಿ ಗೊಬ್ಬರವನ್ನು ಗೋಪುರದಂತೆ ರಾಶಿ ಮಾಡಿದರೆ ಎಲ್ಲವೂ ತಳಕ್ಕಿಳಿಯುತ್ತವೆ. ಮೇಲಿನಿಂದ ಗೊಬ್ಬರ ಬಾಚಿಕೊಂಡು, ಉಳಿದದ್ದನ್ನು ಕೈಯಲ್ಲೇ ಹೆಕ್ಕಬಹುದು. ಬೆಚ್ಚಗಿನ ಹವೆಯಲ್ಲಿ ಬೇಗ ಮರಿ ಮಾಡುತ್ತದೆ. ಇದೂ ರಾತ್ರಿ ತಿರುಗಾಡುವ ಜಾತಿಯೇ, ಆದರೆ ನಮ್ಮಲ್ಲಿ ಮೇಲಿನ ಗೋಣಿ ದಾಟಿದ್ದು ಅಪರೂಪ. ಚಳಿ ಮಾತ್ರ ಸಹಿಸದು, 10 ಡಿಗ್ರಿಗಿಂತ ಕೆಳಗೆ ಬದುಕುವುದು ಕಷ್ಟ. ಡಿಸೆಂಬರಿನಲ್ಲಿ ತೊಟ್ಟಿಯ ಮೇಲೆ ಅಡಿಕೆ ಸೋಗೆಯನ್ನು ದಪ್ಪಗೆ ಹೊದಿಸುತ್ತೇನೆ. ಪದೇ ಪದೇ ಕೆದಕಿದರೂ ಸೊರಗುತ್ತದೆ. ವಾರಗಟ್ಟಲೆ ತೊಟ್ಟಿಯ ಕಡೆ ತಲೆಹಾಕದ ನನಗೆ ಅದೂ ಅನುಕೂಲವೇ.

ಹಸಿ ಸಗಣಿಯ ಬಿಸಿಗೆ ಮೂರೂ ಸಾಯುತ್ತವೆ. ಇರುವೆಗೂ ಮೂರೂ ಒಂದೇ, ತೊಟ್ಟಿಯ ಸುತ್ತ ನೀರಿನ ಕಾಲುವೆ ಬೇಕೇ ಬೇಕು.

ದುಡ್ಡಿನ ಲೆಕ್ಕದಲ್ಲೂ ಆಫ್ರಿಕಾದ್ದೇ ಗೆದ್ದಿತು. ಮೊದಲು ತಂದದ್ದು ಬರೀ ಒಂದು ಕಿಲೋ. ಆಮೇಲೆ ಕೊಳ್ಳಲೇ ಇಲ್ಲ, ಈಗ ಪಕ್ಕದ ತೋಟದವರೂ ನಮ್ಮಲ್ಲಿಂದಲೇ ಬುಟ್ಟಿಯಲ್ಲಿ ಒಯ್ಯುತ್ತಾರೆ.