ಕರೂರಿನ ಸಣ್ಣ ವಾಟರ್‌ಜೆಟ್: ತೆಳು ಕೆಲಸಕ್ಕೆ ಸೈ, ದಪ್ಪ ತಗಡಿಗೆ ಬೇಡ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಶಾಪ್‌ನವರು ತಾವೇ ಕಟ್ಟಿದ ವಾಟರ್‌ಜೆಟ್‌ನಲ್ಲಿ, ಅಂದರೆ ಪುಡಿ ಬೆರೆಸಿದ ನೀರಿನ ರಭಸದ ಧಾರೆಯಿಂದ ಕತ್ತರಿಸುವ ಮಷಿನ್‌ನಲ್ಲಿ, ಹೊರಗಿನ ಕೆಲಸವನ್ನೂ ಮಾಡಿಕೊಡುತ್ತಾರೆ. ರೈಸ್ ಮಿಲ್ಲಿನ ರಬ್ಬರ್ ಗ್ಯಾಸ್ಕೆಟ್, ಹಿತ್ತಾಳೆ ನೇಮ್‌ಪ್ಲೇಟ್, ದೇವರ ಮನೆಯ ಟೈಲ್ಸ್ ಇನ್‌ಲೇ, ಹೀಗೆ ಒಂದೆರಡು ಪೀಸ್ ಬೇಕಾದವರಿಗೆ ಒಳ್ಳೆಯ ಜಾಗ. ಲೇಸರ್ ಕಟಿಂಗ್‌ನಲ್ಲಿ ಆಗುವಂತೆ ಅಂಚು ಬಿಸಿಯಾಗುವುದಿಲ್ಲ, ರಬ್ಬರ್ ಸುಡುವುದಿಲ್ಲ.

ದೊಡ್ಡ ಮಷಿನ್‌ಗಳು 4,000 ಬಾರ್ ಒತ್ತಡದಲ್ಲಿ ಓಡುತ್ತವೆ. ಇದರದ್ದು 300 ಬಾರ್ ಅಷ್ಟೇ. ಸಿಂಗಲ್ ಫೇಸ್ 2 ಎಚ್‌ಪಿ ಮೋಟಾರು, ಪ್ಲಂಜರ್ ಪಂಪು, 0.4 ಎಂಎಂ ಸಫೈರ್ ಆರಿಫೈಸ್ (ನೀರು ಧಾರೆಯಾಗಿ ಚಿಮ್ಮುವ ಸಣ್ಣ ತೂತು), ಅದರ ಕೆಳಗೆ 1.2 ಎಂಎಂ ತೂತಿನ ಕಾರ್ಬೈಡ್ ನಳಿಕೆ. 80 ಮೆಶ್ ಗಾತ್ರದ ಗಾರ್ನೆಟ್ (ಕತ್ತರಿಸಲು ನೀರಿಗೆ ಬೆರೆಸುವ ಗಟ್ಟಿ ಕಲ್ಲಿನ ಪುಡಿ) ನಿಮಿಷಕ್ಕೆ 150 ಗ್ರಾಂ ಹೋಗುತ್ತದೆ. 3 ಎಂಎಂ ಸ್ಟೀಲಿನಲ್ಲಿ ನಿಮಿಷಕ್ಕೆ 25 ಎಂಎಂ ಸಾಗಿದರೆ, 100 ಎಂಎಂ ವ್ಯಾಸದ ಒಂದು ಬಿಲ್ಲೆಗೆ ಹದಿಮೂರು ನಿಮಿಷ, ಹತ್ತಿರ ಹತ್ತಿರ 2 ಕೆಜಿ ಗಾರ್ನೆಟ್. ಖರ್ಚು ಅಲ್ಲೇ. 6 ಎಂಎಂ ದಾಟಿದ ಸ್ಟೀಲನ್ನು ಪ್ಲಾಸ್ಮಾಗೋ ಲೇಸರ್‌ಗೋ ಒಯ್ಯಿರಿ.

ಇವರ ಕೈಚಳಕ ಕಾಣುವುದು ಗಾರ್ನೆಟ್ ಪೈಪಿನಲ್ಲಿ. ಜೆಟ್ ಓಡುವಾಗ ಹುಟ್ಟುವ ಸೆಳೆತವೇ ಒಣ ಪುಡಿಯನ್ನು ಒಳಗೆಳೆಯುತ್ತದೆ. ಕರೆಂಟ್ ಹೋದರೆ ಸೆಳೆತ ನಿಂತು ನೀರು ಹಿಂದಕ್ಕೆ ಏರುತ್ತದೆ, ಪುಡಿ ಕೆಸರಾಗಿ ಪೈಪು ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಕಟ್ಟಿದ ಮಷಿನ್‌ಗಳು ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ. ಇವರು ಕಟಿಂಗ್ ಹೆಡ್‌ಗೆ ಹತ್ತಿರದಲ್ಲೇ ಪಿಂಚ್ ವಾಲ್ವ್ (ಪೈಪನ್ನು ಹಿಸುಕಿ ಮುಚ್ಚುವ ವಾಲ್ವ್) ಹಾಕಿದ್ದಾರೆ. ಕರೆಂಟ್ ಹೋದ ಕೂಡಲೇ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಶುರುವಿಗೆ ಮೊದಲು ನೀರು, ಆಮೇಲೆ ಪುಡಿ. ನಿಲ್ಲಿಸುವಾಗ ಮೊದಲು ಪುಡಿ, ಆಮೇಲೆ ನೀರು.

ಇನ್ನೊಂದು ತೊಂದರೆ, ಬೋರ್ ನೀರಿನ ಗಡಸು. ಸುಣ್ಣ ಕಟ್ಟಿದ ಆರಿಫೈಸ್‌ನಿಂದ ಜೆಟ್ ಓರೆಯಾಗಿ ಬಂದರೆ ಕಾರ್ಬೈಡ್ ನಳಿಕೆ ಒಂದೇ ಪಕ್ಕಕ್ಕೆ ಸವೆದು ತೂತು ಮೊಟ್ಟೆಯಾಕಾರ ಆಗುತ್ತದೆ. ಅದಕ್ಕೇ ಸಾಫ್ಟ್‌ನರ್, 5 ಮೈಕ್ರಾನ್ ಫಿಲ್ಟರ್. ನಳಿಕೆ ಬಿಚ್ಚಿ ಬರೀ ನೀರು ಬಿಟ್ಟು ನೋಡುತ್ತಾರೆ: ಗಾಜಿನ ಕಡ್ಡಿಯಂತೆ ನೆಟ್ಟಗೆ ಬಿದ್ದರೆ ಸರಿ, ಕುಂಚದಂತೆ ಹರಡಿದರೆ ಆರಿಫೈಸ್ ಬದಲು. ಈ ಶಿಸ್ತು ಮೆಚ್ಚಬೇಕಾದ್ದು.

ಕೊರತೆಯೂ ಇದೆ. ಮೂಲೆಗಳಲ್ಲಿ ವೇಗ ಇಳಿಸುವುದಿಲ್ಲ. ಜೆಟ್‌ನ ಬಾಲ ಹಿಂದೆ ಉಳಿದು ಪೀಸಿನ ತಳದಲ್ಲಿ ಮೂಲೆ ಉರುಟಾಗುತ್ತದೆ. ಟೈಲ್ಸ್‌ನಲ್ಲಿ ತೂತು ಶುರುಮಾಡುವಾಗ ತಳದ ಚಕ್ಕೆ ಏಳುತ್ತದೆ, ಆದ್ದರಿಂದ ಗೆರೆಯ ಹೊರಗೆ, ವೇಸ್ಟ್ ಭಾಗದಲ್ಲೇ ಚುಚ್ಚಲು ಹೇಳಿ. ಟಫನ್ಡ್ ಗ್ಲಾಸ್ ಒಯ್ಯಬೇಡಿ, ಪೂರ್ತಿ ಪುಡಿಯಾಗುತ್ತದೆ.

ಡಿಎಕ್ಸ್‌ಎಫ್ (ಕಂಪ್ಯೂಟರ್ ಡ್ರಾಯಿಂಗ್) ಫೈಲನ್ನು ನಿಜ ಅಳತೆಯಲ್ಲೇ ಕೊಡಿ, ಕಟಿಂಗ್ ಅಗಲ ಅವರೇ ಕಳೆಯುತ್ತಾರೆ. ಚಿಕ್ಕ ಪೀಸ್ ಟ್ಯಾಂಕಿಗೆ ಬೀಳದಂತೆ ಒಂದೆರಡು ಕಡೆ ಕತ್ತರಿಸದೆ ಸಣ್ಣ ಕೊಂಡಿ ಉಳಿಸಲು ಹೇಳಿ. ಎಂಎಸ್ (ಮೈಲ್ಡ್ ಸ್ಟೀಲ್) ಪೀಸನ್ನು ಅಲ್ಲೇ ತೊಳೆದು, ಒರೆಸಿ, ಎಣ್ಣೆ ಸವರಿಸಿಕೊಳ್ಳಿ. ಒದ್ದೆ ಬಿಟ್ಟರೆ ಮರುದಿನಕ್ಕೆ ತುಕ್ಕು.